ಬೇಸಿಗೆಯಲ್ಲಿ ಮಹಡಿಯ ಮೇಲೆ ಕೆಂಡದಲ್ಲಿ ತರಕಾರಿ ಸುಡುವುದು: ಹೊರಗೆ ಕರಕು, ಒಳಗೆ ಹಸಿ ಆಗುತ್ತಿರುವುದೇಕೆ?

ಕುವೆಂಪುನಗರದ ಮಹಡಿಮನೆ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಈ ದಿನ ನಮ್ಮ ಮನೆಯಲ್ಲಿ ಮಾಡಿದ ಒಂದು ಪ್ರಯತ್ನ ಕೈಕೊಟ್ಟಿತು. ತಿಳಿದವರನ್ನು ಕೇಳಿ ಸರಿಪಡಿಸಿಕೊಳ್ಳೋಣವೆಂದು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಬೇಸಿಗೆ ರಜೆಗೆ ಬಂದಿರುವ ತಂಗಿಯ ಸಂಸಾರವೂ ಸೇರಿ ಮನೆಯಲ್ಲಿ ಹನ್ನೊಂದು ಮಂದಿ ಇದ್ದೇವೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಅಡುಗೆಮನೆಯೊಳಗೆ ಹತ್ತು ನಿಮಿಷ ನಿಲ್ಲುವುದೂ ಕಷ್ಟವಾಗಿರುವುದರಿಂದ, ಮಹಡಿಯ ಮೇಲೆ ಇದ್ದಿಲಿನ ಗ್ರಿಲ್ ಹಚ್ಚಿ ತರಕಾರಿಗಳನ್ನು ಸುಟ್ಟುಕೊಂಡರೆ ಅಮ್ಮನಿಗೂ ಒಂದು ದಿನ ಒಲೆಯಿಂದ ಬಿಡುವು ಸಿಗುತ್ತದೆ, ಮಕ್ಕಳಿಗೂ ಹೊಸತೆನಿಸುತ್ತದೆ ಎಂದು ಯೋಚಿಸಿದೆ. ಬೆಳಿಗ್ಗೆ ದೇವರಾಜ ಮಾರುಕಟ್ಟೆಗೆ ಹೋಗಿ ಗುಂಡು ಬದನೆಕಾಯಿ, ದಪ್ಪ ಮೆಣಸಿನಕಾಯಿ, ಈರುಳ್ಳಿ, ಮುಸುಕಿನ ಜೋಳ ತಂದೆ. ಪನೀರನ್ನು ಮೊಸರು ಮತ್ತು ಮಸಾಲೆಯಲ್ಲಿ ಕಲಸಿ ಮಹಡಿಯ ಮೇಲೆಯೇ ಇಟ್ಟೆ. ಹನ್ನೆರಡೂವರೆಗೆ ಮೂರು ಕಿಲೋ ಇದ್ದಿಲು ಸುರಿದು, ಹಳೆಯ ಡಬ್ಬಿಯಲ್ಲಿ ಉಳಿದಿದ್ದ ಸೀಮೆಎಣ್ಣೆಯನ್ನು ಚಿಮುಕಿಸಿ ಹಚ್ಚಿದೆ. ಉರಿ ಚೆನ್ನಾಗಿ ಎದ್ದ ಕೂಡಲೇ ತರಕಾರಿಗಳನ್ನು ಜೋಡಿಸಿದೆ.

ಐದೇ ನಿಮಿಷಕ್ಕೆ ಬದನೆಕಾಯಿಯ ಸಿಪ್ಪೆ ಇದ್ದಿಲಿನಷ್ಟೇ ಕಪ್ಪಾಯಿತು. ಕುಯ್ದು ನೋಡಿದರೆ ತಿರುಳು ಬೆಂಡಿನ ಹಾಗೆ ಬೆಳ್ಳಗೆ, ಗಟ್ಟಿಯಾಗಿಯೇ ಇತ್ತು. ಈರುಳ್ಳಿಯ ಬಿಲ್ಲೆಗಳು ಬಿಡಿಬಿಡಿಯಾಗಿ ಕಂಬಿಗಳ ಸಂದಿನಿಂದ ಕೆಂಡಕ್ಕೆ ಬಿದ್ದವು. ಜೋಳ ಒಣಗಿ ಬಿರುಸಾಯಿತು. ಎಲ್ಲದರಲ್ಲಿಯೂ ಸೀಮೆಎಣ್ಣೆಯ ವಾಸನೆ. ಪನೀರಿಗೆ ಹುಳಿ ಬಂದಿತ್ತು, ಎಸೆಯಬೇಕಾಯಿತು. ಇದೆಲ್ಲಕ್ಕಿಂತ ಹೆಚ್ಚಾಗಿ, ನನ್ನ ಜೊತೆ ಬಿಸಿಲಿನಲ್ಲಿ ನಿಂತಿದ್ದ ಅಮ್ಮನಿಗೆ ತಲೆ ಸುತ್ತಿ ಕುಳಿತುಬಿಟ್ಟರು. ಕೆಳಗೆ ಕರೆದೊಯ್ದು, ಫ್ಯಾನಿನ ಕೆಳಗೆ ಮಲಗಿಸಿ, ಮಜ್ಜಿಗೆ ಕೊಟ್ಟ ಮೇಲೆ ಸುಧಾರಿಸಿಕೊಂಡರು. ತಪ್ಪು ನನ್ನದೇ ಎಂಬುದು ಗೊತ್ತಿದೆ. ಎಲ್ಲೆಲ್ಲಿ ತಪ್ಪಿದೆ ಎಂಬುದನ್ನು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ಮುಂದಿನ ಭಾನುವಾರ ಮತ್ತೊಮ್ಮೆ ಮಾಡಬೇಕೆಂದಿದ್ದೇನೆ.

ಪಾಂಡವಪುರದ ತೋಟದಮನೆ

ಅಣ್ಣ, ಮೊದಲು ತಾಯಿಯವರು ಹೇಗಿದ್ದಾರೆಂದು ತಿಳಿಸಿ. ಅವರು ಎರಡು ದಿನ ಬಿಸಿಲಿಗೆ ಹೋಗದಿರಲಿ.

ನೀವು ಉರಿಯಲ್ಲಿ ಸುಟ್ಟಿದ್ದೀರಿ. ಬದನೆಕಾಯಿಯನ್ನು ಸುಡಬೇಕಾದದ್ದು ಕೆಂಡದಲ್ಲಿ, ಅದೂ ಬೂದಿ ಮುಚ್ಚಿದ ಕೆಂಡದಲ್ಲಿ. ನಮ್ಮ ಅತ್ತೆಯವರು ಸೌದೆ ಒಲೆಯ ಕಾಲದಲ್ಲಿ ಬದನೆಕಾಯಿಯನ್ನು ಒಲೆಗಿಡುತ್ತಿದ್ದುದು ಹಿಟ್ಟು ತೊಳಸಿ ಇಳಿಸಿದ ಮೇಲೆಯೇ. ಅಷ್ಟು ಹೊತ್ತಿಗೆ ಸೌದೆಯನ್ನು ಹಿಂದಕ್ಕೆಳೆದು ಆರಿಸಿರುತ್ತಾರೆ, ಒಲೆಯೊಳಗೆ ಕೆಂಡ ಮಾತ್ರ ಉಳಿದಿರುತ್ತದೆ. ಉರಿಯಿರುವಾಗ ಯಾರಾದರೂ ಆತುರಪಟ್ಟು ಬದನೆಕಾಯಿ ಹಾಕಲು ಹೋದರೆ ಅವರು ಕೈ ಹಿಡಿದು ನಿಲ್ಲಿಸುತ್ತಿದ್ದರು. ಇಂದಿಗೂ ನಾನು ಹಾಗೆಯೇ ಮಾಡುತ್ತೇನೆ, ಒಲೆ ಬದಲಾದರೂ ಈ ಕ್ರಮ ಬದಲಾಗಿಲ್ಲ.

ಕಾಯಿ ಆರಿಸುವುದನ್ನೂ ಹೇಳುತ್ತೇನೆ. ಗಾತ್ರಕ್ಕೆ ತಕ್ಕಷ್ಟು ತೂಕವಿಲ್ಲದೆ ಕೈಯಲ್ಲಿ ಹಗುರವೆನಿಸುವ, ತೊಟ್ಟು ಹಸಿರಾಗಿರುವ ಕಾಯಿ ಒಳ್ಳೆಯದು. ಭಾರವಿದ್ದರೆ ಬೀಜ ಬಲಿತಿರುವುದೇ ಹೆಚ್ಚು. ಬೇಸಿಗೆಯಲ್ಲಿ ಕಾಯಿಕೊರಕ ಹುಳುವಿನ ಕಾಟವಿರುವುದರಿಂದ, ತೊಟ್ಟನ್ನು ಬಿಟ್ಟು ಕೆಳಗಿನಿಂದ ಉದ್ದಕ್ಕೆ ಒಂದು ಸೀಳು ಹಾಕಿ, ಬಿಡಿಸಿ ಒಳಗೆ ನೋಡಬೇಕು. ಆ ಸೀಳಿಗೆ ಎರಡು ಎಸಳು ಬೆಳ್ಳುಳ್ಳಿಯನ್ನು ತುರುಕಿದರೆ ಅದೂ ಜೊತೆಯಲ್ಲೇ ಬೇಯುತ್ತದೆ. ಸೀಳು ಹಾಕದಿದ್ದರೂ ಚಾಕುವಿನ ತುದಿಯಿಂದ ನಾಲ್ಕೈದು ಕಡೆ ಚುಚ್ಚಲೇಬೇಕು, ಇಲ್ಲದಿದ್ದರೆ ಒಳಗಿನ ಹಬೆಗೆ ದಾರಿಯಿಲ್ಲದೆ ಕಾಯಿ ಸಿಡಿಯುತ್ತದೆ.

ಮೇಲೆ ತೆಳ್ಳಗೆ ಕಡಲೆಕಾಯಿ ಎಣ್ಣೆ ಸವರಿ ಕೆಂಡದ ಮೇಲಿಡಿ. ಮೂರು ನಾಲ್ಕು ನಿಮಿಷಕ್ಕೊಮ್ಮೆ ತೊಟ್ಟನ್ನು ಹಿಡಿದು ಕಾಲು ಸುತ್ತು ತಿರುಗಿಸುತ್ತಾ ಹೋಗಬೇಕು. ಮೊದಲು ಸಿಪ್ಪೆಯ ಹೊಳಪು ಹೋಗುತ್ತದೆ, ಆಮೇಲೆ ಸುಕ್ಕಾಗುತ್ತದೆ, ಆಮೇಲೆ ಅಲ್ಲಲ್ಲಿ ಬಿರಿದು ಅದರ ಸಂದಿನಿಂದ ಕಂದು ಬಣ್ಣದ ರಸ ಒಸರಿ ಕೆಂಡದ ಮೇಲೆ ಬಿದ್ದು ಚುಯ್ಯೆನ್ನುತ್ತದೆ. ಕೊನೆಯಲ್ಲಿ ತೊಟ್ಟಿನ ಬುಡದಿಂದ ಸಣ್ಣಗೆ ಹಬೆ ಬರುತ್ತದೆ, ಇಕ್ಕಳದಿಂದ ಅದುಮಿದರೆ ಕಾಯಿ ಚೀಲದಂತೆ ಕುಸಿಯುತ್ತದೆ. ಗುಂಡು ಬದನೆಗೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ತೆಗೆದು ಪಾತ್ರೆಗೆ ಹಾಕಿ ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ತಾನಾಗಿ ಬಿಡುತ್ತದೆ. ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ, ಕೆಂಡದ ಘಮವೆಲ್ಲಾ ನೀರಿನೊಡನೆ ಹೋಗುತ್ತದೆ. ಬೆರಳನ್ನು ನೀರಿನಲ್ಲಿ ಅದ್ದಿಕೊಂಡು ಸುಲಿದರೆ ಸಾಕು.

ವಿಜಯನಗರದ ನಿವೃತ್ತ ಮೇಷ್ಟರು

ತೋಟದಮನೆಯ ತಂಗಿ ಹೇಳಿದ ಕ್ರಮ ಏಕೆ ಸರಿ ಎಂಬುದಕ್ಕೆ ಎರಡು ಮಾತು ಸೇರಿಸುತ್ತೇನೆ. ಬದನೆಕಾಯಿಯ ತೂಕದಲ್ಲಿ ಸುಮಾರು 100ಕ್ಕೆ 92 ಪಾಲು ನೀರೇ ಆದರೂ, ಅದರ ತಿರುಳು ಗಾಳಿ ತುಂಬಿದ ಸ್ಪಂಜಿನಂತಿರುವುದರಿಂದ ಶಾಖ ಒಳಕ್ಕೆ ಬಹಳ ನಿಧಾನವಾಗಿ ಸಾಗುತ್ತದೆ. ತರಕಾರಿಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಸಡಿಲವಾಗಿ ಕಾಯಿ ಮೆತ್ತಗಾಗಬೇಕಾದರೆ ಒಳಗಿನ ಉಷ್ಣತೆ 85 ಡಿಗ್ರಿಯನ್ನು ಮೀರಿ ಕೆಲವು ನಿಮಿಷ ಅಲ್ಲೇ ನಿಲ್ಲಬೇಕು. ನೀರಿರುವ ತನಕ ತಿರುಳು ಕುದಿಯುವ ಬಿಂದುವನ್ನು ದಾಟುವುದಿಲ್ಲ, ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವ ನಮ್ಮ ಮೈಸೂರಿನಲ್ಲಿ ಆ ಬಿಂದು 97 ಡಿಗ್ರಿಯ ಆಸುಪಾಸಿನಲ್ಲಿದೆ. ಆದರೆ ಹೊರಗಿನ ಸಿಪ್ಪೆಯಲ್ಲಿ ನೀರು ಕಡಿಮೆ. ಅದು ಒಣಗಿದ ಕೂಡಲೇ 140 ಡಿಗ್ರಿಯ ಸುಮಾರಿಗೆ ಕೆಂಪೇರತೊಡಗಿ, 200 ದಾಟಿದರೆ ಕರಕಾಗುತ್ತದೆ. ಉರಿಯ ನಾಲಿಗೆ ತಾಕಿದ ಸಿಪ್ಪೆ ಕೆಲವೇ ನಿಮಿಷಗಳಲ್ಲಿ ಆ ಹಂತ ಮುಟ್ಟುತ್ತದೆ, ತಿರುಳು ಇನ್ನೂ ಬೆಚ್ಚಗಾಗುತ್ತಿರುತ್ತದೆ. ತಾವು ಕಂಡ ಬೆಂಡು ಇದೇ.

ಆದ್ದರಿಂದ ಹಚ್ಚಿದ ಮೇಲೆ ಇಪ್ಪತ್ತೈದು ಮೂವತ್ತು ನಿಮಿಷ ಕಾಯಬೇಕು. ಇದ್ದಿಲಿನ ಪ್ರತಿ ತುಂಡಿನ ಮೇಲೂ ಬೂದಿಯ ತೆಳುಪದರ ಮೂಡಿ, ಹೊಗೆ ನಿಂತಿರಬೇಕು. ನಂತರ ಕೆಂಡವನ್ನೆಲ್ಲಾ ಗ್ರಿಲ್ಲಿನ ಒಂದು ಅರ್ಧಕ್ಕೆ ತಳ್ಳಿ, ಇನ್ನೊಂದು ಅರ್ಧವನ್ನು ಖಾಲಿ ಬಿಡಿ. ಕೆಂಡದ ಮೇಲಿನ ಭಾಗದಲ್ಲಿ ಬಣ್ಣ ಬರುತ್ತದೆ, ಖಾಲಿ ಭಾಗದಲ್ಲಿ ಮುಚ್ಚಳ ಹಾಕಿಟ್ಟರೆ ಒಳಗು ಬೇಯುತ್ತದೆ. ಶಾಖವನ್ನು ಅಳೆಯಲು ಉಪಕರಣ ಬೇಕಿಲ್ಲ. ಕಂಬಿಗಳಿಂದ ಅರ್ಧ ಗೇಣು ಮೇಲೆ ಅಂಗೈ ಹಿಡಿದು ಎಣಿಸಿ. ಎರಡು ಮೂರು ಸೆಕೆಂಡಿಗೆ ಕೈ ಹಿಂದೆಗೆಯಬೇಕಾದರೆ ಶಾಖ ಜೋರು, ಮೆಣಸಿನಕಾಯಿಗೆ ಮಾತ್ರ ಆದೀತು. ನಾಲ್ಕೈದು ಸೆಕೆಂಡು ತಡೆದರೆ ಹೆಚ್ಚಿನ ತರಕಾರಿಗಳಿಗೆ ಹದ. ಏಳೆಂಟು ತಡೆದರೆ ಗುಂಡು ಬದನೆಯನ್ನು ನೆಮ್ಮದಿಯಾಗಿ ಇಟ್ಟುಬಿಡಬಹುದು.

ಇನ್ನೊಂದು ವಿಷಯವನ್ನು ಗಟ್ಟಿಯಾಗಿಯೇ ಹೇಳಬೇಕಾಗಿದೆ. ಕಂಬಿ ಸಾಲದೆಂದು ಕೆಲವರು ಗುಜರಿಯಿಂದ ಸತು ಲೇಪಿಸಿದ ಬೇಲಿ ಜಾಲರಿಯನ್ನೋ ಹಳೆಯ ಫ್ರಿಜ್ಜಿನ ತಂತಿ ತಟ್ಟೆಯನ್ನೋ ತಂದು ಕೆಂಡದ ಮೇಲಿಡುತ್ತಾರೆ. ಸತು 420 ಡಿಗ್ರಿಯ ಸುಮಾರಿಗೆ ಕರಗುತ್ತದೆ, ಕೆಂಡ ಅದಕ್ಕಿಂತ ಎಷ್ಟೋ ಬಿಸಿ. ಆ ಲೇಪನದ ಹೊಗೆ ಉಸಿರಿಗೂ ಊಟಕ್ಕೂ ಕೆಟ್ಟದ್ದು. ಲೇಪನವಿಲ್ಲದ ಕಬ್ಬಿಣ ಅಥವಾ ಸ್ಟೀಲನ್ನು ಮಾತ್ರ ಬಳಸಿ. ಬಣ್ಣ ಹೊಡೆದ ಮರ, ಪ್ಲೈವುಡ್ ಚೂರುಗಳನ್ನೂ ಸುಡಬಾರದು.

ಮಂಡ್ಯದ ಶುಶ್ರೂಷಕಿ

ಅಡುಗೆಯ ವಿಷಯವನ್ನು ಬಲ್ಲವರು ಹೇಳುತ್ತಿದ್ದಾರೆ. ನಾನು ಬಿಸಿಲಿನ ವಿಷಯ ಹೇಳುತ್ತೇನೆ.

ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೈಸೂರಿನಲ್ಲಿ 35 ಡಿಗ್ರಿಯ ಆಸುಪಾಸು ಇರುತ್ತದೆ, ನಮ್ಮ ಮಂಡ್ಯದಲ್ಲಿ ಅದಕ್ಕಿಂತ ಒಂದು ಕೈ ಹೆಚ್ಚೇ. ಅದು ನೆರಳಿನಲ್ಲಿ ಅಳೆದ ಲೆಕ್ಕ. ಕಾದ ತಾರಸಿ ಕೆಳಗಿನಿಂದ, ಸೂರ್ಯ ಮೇಲಿನಿಂದ, ಕೆಂಡ ಎದುರಿನಿಂದ ಕಾಯಿಸುವಾಗ ಬೆವರಿನಿಂದ ಮಾತ್ರ ಮೈ ತಣ್ಣಗಾಗಬೇಕು, ಬೆವರಾಗಿ ಹೋದ ನೀರು, ಉಪ್ಪು ಹಿಂದಿರುಗದಿದ್ದರೆ ತಲೆ ಸುತ್ತು, ವಾಕರಿಕೆ, ಮೀನಖಂಡದ ಸೆಳೆತ ಬರುತ್ತವೆ. ವಯಸ್ಸಾದವರಿಗೆ ಬಾಯಾರಿಕೆಯೇ ತಡವಾಗಿ ತಿಳಿಯುತ್ತದೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಬೇಗ ಬಳಲುತ್ತಾರೆ. ಅವರಿಗೆ ಬಾಯಾರಲಿ ಬಿಡಲಿ, ಉಪ್ಪು ಹಾಕಿದ ನೀರು ಮಜ್ಜಿಗೆಯನ್ನೋ ನಿಂಬೆ ಪಾನಕವನ್ನೋ ಎಳನೀರನ್ನೋ ಆಗಾಗ ಕೊಡುತ್ತಿರಬೇಕು (ವೈದ್ಯರು ಉಪ್ಪು, ನೀರು ಮಿತಿಗೊಳಿಸಿರುವವರು ಅವರ ಮಾತನ್ನೇ ಪಾಲಿಸಲಿ). ಬೆವರು ನಿಂತು ಮೈ ಕಾದು, ಮಾತು ತೊದಲಿ, ಗಲಿಬಿಲಿಗೊಂಡರೆ ಅದು ಬಿಸಿಲಾಘಾತ. ಕೂಡಲೇ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ನೆರಳಿಗೆ ಒಯ್ದು ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಿರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಪನೀರಿನ ಬಗ್ಗೆ: ಬೇಯಿಸಿದ ಪದಾರ್ಥ, ಹಾಲಿನ ಪದಾರ್ಥ, ಹೆಚ್ಚಿಟ್ಟ ತರಕಾರಿ ಇವುಗಳನ್ನು ಸಾಮಾನ್ಯವಾಗಿ ಎರಡು ಗಂಟೆ ಹೊರಗಿಡಬಹುದಾದರೂ, 32 ಡಿಗ್ರಿ ಮೀರಿದ ಸೆಕೆಯಲ್ಲಿ ಆ ಅವಧಿ ಒಂದೇ ಗಂಟೆ. ಕಲಸಿದ ಪನೀರನ್ನು ಸುಡುವ ಗಳಿಗೆಯವರೆಗೆ ಫ್ರಿಜ್ಜಿನಲ್ಲಿಡಿ. ಕಾಯಿ ಚಟ್ನಿಗೂ ಇದೇ ಮಾತು.

ಸರಸ್ವತಿಪುರಂ ಮೂರನೇ ಮಹಡಿ

ನಾವು ಅಪಾರ್ಟ್‌ಮೆಂಟಿನಲ್ಲಿದ್ದೇವೆ, ಮಹಡಿ ಎಲ್ಲರಿಗೂ ಸೇರಿದ್ದು. ಬಾಲ್ಕನಿಯಲ್ಲಿ ಸಣ್ಣ ಅಗ್ಗಿಷ್ಟಿಕೆ ಇಟ್ಟುಕೊಂಡು ಮಾಡಬಹುದೇ? ಮಳೆ ಬಂದರೆ ಒಳಗೆ ತಂದಿಟ್ಟುಕೊಳ್ಳಬಹುದೇ?

ಮಂಡ್ಯದ ಶುಶ್ರೂಷಕಿ

ಖಂಡಿತ ಒಳಗೆ ತರಬೇಡಿ. ಕೆಂಡ ಆರುತ್ತಿರುವಾಗಲೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆ ಕಾಣುವುದಿಲ್ಲವಾದ್ದರಿಂದ ಅಪಾಯವೂ ಕಾಣುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳುವುದೇ ಇಲ್ಲ. ಬಾಲ್ಕನಿಯ ಬಾಗಿಲಿನಿಂದಲೂ ಅದು ಒಳಗೆ ಬರಬಹುದು. ನಿಮ್ಮ ಸಂಘದವರ ಒಪ್ಪಿಗೆ ಪಡೆದು ಮೇಲಿನ ತೆರೆದ ತಾರಸಿಯಲ್ಲೇ ಮಾಡಿ.

ಶ್ರೀರಂಗಪಟ್ಟಣದ ಅಡುಗೆ ಕಂಟ್ರಾಕ್ಟರು

ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಂಡು ಬಂದವನು ನಾನು. ಈಚೆಗೆ ಆರತಕ್ಷತೆಗಳಲ್ಲಿ ಸುಟ್ಟ ತರಕಾರಿಗಳ ಒಂದು ಕೌಂಟರ್ ಬೇಕೆಂದು ಕೇಳುತ್ತಾರೆ. ಹಾಗಾಗಿ ಪ್ರತಿ ಬೇಸಿಗೆಯಲ್ಲೂ ನೂರಾರು ಮಂದಿಗೆ ಇದನ್ನು ಮಾಡುತ್ತೇವೆ.

ಹನ್ನೊಂದು ಜನರಿಗೆ ಮೂರು ಕಿಲೋ ಇದ್ದಿಲು ಹೆಚ್ಚು. ಎರಡು ಕಿಲೋ ಸಾಕು. ಬಟ್ಟೆ ಇಸ್ತ್ರಿ ಮಾಡುವವರು ಎಲ್ಲಿಂದ ತರುತ್ತಾರೆಂದು ಕೇಳಿ ಅಲ್ಲಿಂದಲೇ ತನ್ನಿ, ಮುಷ್ಟಿ ಗಾತ್ರದ ತುಂಡುಗಳಿರಲಿ, ಪುಡಿ ಬೇಡ, ಗಾಳಿಯಾಡುವುದಿಲ್ಲ. ತೆಂಗಿನ ಕರಟದ ಇದ್ದಿಲು ಸಿಕ್ಕರೆ ಇನ್ನೂ ಒಳ್ಳೆಯದು, ಬಿಸಿ ಹೆಚ್ಚು, ಹೊಗೆ ಕಡಿಮೆ. ಹಸಿ ಕರಟವನ್ನು ನೇರವಾಗಿ ಹಾಕಿದರೆ ಅದರ ಎಣ್ಣೆಗೆ ಉರಿ ಎದ್ದು ಮಸಿ ಹಿಡಿಯುತ್ತದೆ, ಹೊತ್ತಿಸಲು ಒಂದೆರಡು ಚೂರು ಬಳಸಿ ಅಷ್ಟೆ. ಸೀಮೆಎಣ್ಣೆಯನ್ನು ಮುಟ್ಟಲೇಬೇಡಿ. ತೆಂಗಿನ ನಾರು, ಒಣಗಿದ ಗರಿ, ನಾಲ್ಕು ಕರಟದ ಚೂರು ಇವುಗಳ ಮೇಲೆ ಇದ್ದಿಲನ್ನು ಗೋಪುರದಂತೆ ಪೇರಿಸಿ ಹಚ್ಚಿದರೆ ಬೀಸಣಿಗೆ ಬೀಸುವ ಕೆಲಸವೂ ಅಷ್ಟಿರುವುದಿಲ್ಲ.

ಇನ್ನು ಒಂದೊಂದು ತರಕಾರಿಗೂ ಒಂದೊಂದು ಗುಣ. ಈರುಳ್ಳಿಯ ಬುಡವನ್ನು ಕತ್ತರಿಸದೆ ಉದ್ದಕ್ಕೆ ನಾಲ್ಕು ಹೋಳು ಮಾಡಿದರೆ ಬುಡವೇ ಪದರಗಳನ್ನು ಹಿಡಿದುಕೊಳ್ಳುತ್ತದೆ, ಒಂದೂ ಬೀಳುವುದಿಲ್ಲ. ದಪ್ಪ ಮೆಣಸಿನಕಾಯಿಯನ್ನು ಇಡಿಯಾಗಿಯೇ ಜೋರು ಕೆಂಡದ ಮೇಲೆ ಉರುಳಿಸಿ ಸಿಪ್ಪೆ ಬೊಬ್ಬೆ ಬಂದ ಮೇಲೆ ಮುಚ್ಚಿಟ್ಟು ಸುಲಿಯಬೇಕು. ಬೆಂಡೆಕಾಯಿಯನ್ನು ಕತ್ತರಿಸಬೇಡಿ; ತೊಳೆದು ಪೂರ್ತಿ ಒರೆಸಿ, ಎರಡು ಕಡ್ಡಿಗಳನ್ನು ಸಮಾನಾಂತರವಾಗಿ ಚುಚ್ಚಿ ಏಣಿಯಂತೆ ಜೋಡಿಸಿದರೆ ಒಟ್ಟಿಗೆ ತಿರುಗಿಸಬಹುದು, ಲೋಳೆಯೂ ಒಣಗುತ್ತದೆ. ಆಲೂಗಡ್ಡೆ, ಕ್ಯಾರೆಟ್, ತೊಂಡೆಕಾಯಿ, ನುಗ್ಗೆಕಾಯಿಗಳನ್ನು ಮುಕ್ಕಾಲು ಪಾಲು ಬೇಯಿಸಿ, ನೀರು ಬಸಿದು ಆರಿಸಿಕೊಂಡೇ ಗ್ರಿಲ್ಲಿಗೆ ತರಬೇಕು. ನುಗ್ಗೆಕಾಯಿಗೆ ಇದು ಬಹಳ ಒಪ್ಪುತ್ತದೆ, ಈ ತಿಂಗಳುಗಳಲ್ಲಿ ಅದು ಸೊಗಸಾಗಿಯೂ ಬರುತ್ತದೆ. ಟೊಮೇಟೊ ಗಟ್ಟಿಯಾಗಿರಲಿ. ಹೂಕೋಸು ಬೇಸಿಗೆಯಲ್ಲಿ ಅಷ್ಟಕ್ಕಷ್ಟೆ, ಅದನ್ನು ಬಿಡಿ.

ಜೋಳವನ್ನು ಸುಲಿಯದೆ ಹೊಂಬಾಳೆಯಂತಿರುವ ಸಿಪ್ಪೆಯ ಸಮೇತ ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಹಾಗೆಯೇ ಖಾಲಿ ಭಾಗದಲ್ಲಿ ಹದಿನೈದು ನಿಮಿಷ ಇಟ್ಟರೆ ತನ್ನ ನೀರಿನಲ್ಲಿ ತಾನೇ ಬೇಯುತ್ತದೆ. ಆಮೇಲೆ ಸುಲಿದು ಕೆಂಡದ ಮೇಲೆ ಎರಡು ಸುತ್ತು ತಿರುಗಿಸಿ ನಿಂಬೆ, ಉಪ್ಪು, ಖಾರ ಉಜ್ಜಿ. ಕಿತ್ತ ಜೋಳದ ಸಿಹಿ ಗಂಟೆಗಂಟೆಗೂ ಪಿಷ್ಟವಾಗುತ್ತಾ ಹೋಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಆದ್ದರಿಂದ ತಂದ ದಿನವೇ ಸುಡಬೇಕು.

ಉಪ್ಪಿನ ವಿಷಯದಲ್ಲಿ ನನ್ನದೊಂದು ಖಚಿತ ಅಭಿಪ್ರಾಯ: ಬಿಲ್ಲೆ ಮಾಡಿದ ಬದನೆ, ಸೋರೆಗಳಿಗೆ ಅರ್ಧ ಗಂಟೆ ಮೊದಲೇ ಉಪ್ಪು ಸವರಿ, ಬಿಟ್ಟ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದರೆ ಎಣ್ಣೆ ಕಡಿಮೆ ಕುಡಿಯುತ್ತವೆ, ಬಣ್ಣವೂ ಬೇಗ ಬರುತ್ತದೆ. ಉಳಿದವಕ್ಕೆ ಉಪ್ಪು ಕೊನೆಯಲ್ಲಿ.

ಪಾಂಡವಪುರದ ತೋಟದಮನೆ

ಅಡುಗೆಯವರು ಹೇಳಿದ್ದರಲ್ಲಿ ಒಂದನ್ನು ಒಪ್ಪುವುದಿಲ್ಲ. ಎಳೆಯ ಬದನೆಗೆ, ಅದರಲ್ಲೂ ಬೆಳಿಗ್ಗೆ ಕಿತ್ತು ಸಂಜೆ ಸುಡುವ ಕಾಯಿಗೆ ಉಪ್ಪು ಹಚ್ಚಿ ನೀರು ತೆಗೆಯುವ ಅಗತ್ಯವೇ ಇಲ್ಲ. ಅದರ ರುಚಿಯೇ ಆ ರಸದಲ್ಲಿದೆ.

ಶ್ರೀರಂಗಪಟ್ಟಣದ ಅಡುಗೆ ಕಂಟ್ರಾಕ್ಟರು

ನಿಮ್ಮ ಮಾತು ತೋಟದ ಬಾಗಿಲಲ್ಲಿ ಸರಿ, ಅಕ್ಕ. ನಮಗೆ ಮಂಡಿಯಿಂದ ಬರುವ ಕಾಯಿಗೆ ಎರಡು ದಿನವಾಗಿರುತ್ತದೆ. ಎಳೆಯದು ಸಿಕ್ಕವರು ನಿಮ್ಮಂತೆಯೇ ಮಾಡಲಿ.

ಮಳವಳ್ಳಿ ಕಡೆಯವನು

ಕಡ್ಡಿಗಳ ಬಗ್ಗೆ ಒಂದು ಸೂಚನೆ. ಬಿದಿರಿನ ಕಡ್ಡಿಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸದಿದ್ದರೆ ತುದಿ ಸುಟ್ಟು ಮುರಿಯುತ್ತದೆ. ನಮ್ಮಲ್ಲಿ ಕಬ್ಬಿಗೇನು ಬರವಿಲ್ಲವಾದ್ದರಿಂದ ನಾವು ಜಲ್ಲೆಯ ಸಿಪ್ಪೆ ಹೆರೆದು, ಉದ್ದಕ್ಕೆ ಸೀಳಿ, ತುದಿ ಚೂಪು ಮಾಡಿ ಅದಕ್ಕೇ ಪನೀರು, ಈರುಳ್ಳಿ ಚುಚ್ಚುತ್ತೇವೆ. ಕಬ್ಬಿನ ರಸ ಒಳಗಿನಿಂದ ತಾಕುತ್ತದೆ, ತಿಂದ ಮೇಲೆ ಮಕ್ಕಳು ಕಡ್ಡಿಯನ್ನೂ ಅಗಿಯುತ್ತಾರೆ. ಆದರೆ ಬೇಲಿಯಲ್ಲಿ ಸಿಕ್ಕಿದ ಕಡ್ಡಿಯನ್ನು ಮುರಿದು ಬಳಸಬೇಡಿ, ಕಣಗಿಲೆ ವಿಷ. ಅದರ ಕಟ್ಟಿಗೆಯನ್ನು ಒಲೆಗೂ ಹಾಕಬಾರದು.

ಬೆಲ್ಲದ ಪಾಕ ಸವರುವವರು ಕೊನೆಯ ಎರಡು ನಿಮಿಷದಲ್ಲಿ ಸವರಿ. ಹುಣಸೆರಸ, ಬೆಲ್ಲ, ಒಣಮೆಣಸಿನಪುಡಿ ಸೇರಿಸಿ ಗಟ್ಟಿಯಾಗಿ ಕುದಿಸಿದ್ದನ್ನು ಮೊದಲೇ ಹಚ್ಚಿದರೆ ಸಕ್ಕರೆಯ ಅಂಶ ಕರಿದು ಕಹಿಯಾಗುತ್ತದೆ.

ವಿಜಯನಗರದ ನಿವೃತ್ತ ಮೇಷ್ಟರು

ಕರಕಿನ ಬಗ್ಗೆ ಹಲವರಿಗೆ ಭಯವಿದೆ, ಅದನ್ನೂ ಹೇಳಿಬಿಡುತ್ತೇನೆ. ಮಾಂಸವನ್ನು ಜೋರು ಶಾಖದಲ್ಲಿ ಸುಟ್ಟಾಗ ಸ್ನಾಯುವಿನಲ್ಲಿರುವ ಕ್ರಿಯಾಟಿನ್‌ನಿಂದ ಹುಟ್ಟುವ ಕೆಲವು ಹಾನಿಕರ ವಸ್ತುಗಳು ತರಕಾರಿಯಲ್ಲಿ ಹುಟ್ಟುವುದಿಲ್ಲ, ಏಕೆಂದರೆ ತರಕಾರಿಯಲ್ಲಿ ಕ್ರಿಯಾಟಿನ್ ಇಲ್ಲ. ಆದರೆ ಎಣ್ಣೆ ತೊಟ್ಟಿಕ್ಕಿ ಕೆಂಡದ ಮೇಲೆ ಬಿದ್ದು ಏಳುವ ಹೊಗೆಯಲ್ಲಿ ಬೇರೆ ಹಾನಿಕರ ವಸ್ತುಗಳಿರುತ್ತವೆ, ಅವು ಯಾವ ಪದಾರ್ಥಕ್ಕಾದರೂ ಅಂಟುತ್ತವೆ. ಎಣ್ಣೆಯನ್ನು ಸುರಿಯದೆ ಕೈಯಿಂದ ಸವರಿ, ಕಪ್ಪಾದ ಸಿಪ್ಪೆಯನ್ನು ಸುಲಿದುಬಿಡಿ, ಸಾಕು. ಗಾಣದ ಎಣ್ಣೆಗಿಂತ ರಿಫೈಂಡ್ ಕಡಲೆಕಾಯಿ ಎಣ್ಣೆ ಅಥವಾ ತುಪ್ಪ ಹೆಚ್ಚು ಶಾಖ ತಡೆಯುತ್ತದೆ. ಗಾಣದ ಎಣ್ಣೆಯ ಪರಿಮಳ ಬೇಕಾದವರು ಇಳಿಸಿದ ಮೇಲೆ ಮೇಲಿನಿಂದ ಹಾಕಿಕೊಳ್ಳಬಹುದು.

ಈಗ ಅಶ್ವಿನಿ, ಭರಣಿ ಮಳೆಗಳ ಕಾಲ. ಮಳೆಗೆ ಮುಂಚೆ ಇದ್ದಕ್ಕಿದ್ದಂತೆ ಬೀಸುವ ಗಾಳಿ ಕಿಡಿಗಳನ್ನು ಎತ್ತಿಕೊಂಡು ಹೋಗುತ್ತದೆ, ಪಕ್ಕದ ಮನೆಯ ತೆಂಗಿನ ಒಣಗರಿಗೂ ಒಣಹುಲ್ಲಿಗೂ ಒಂದು ಕಿಡಿ ಸಾಕು. ಗ್ರಿಲ್ಲನ್ನು ಗೋಡೆಯಿಂದ, ಒಣಹಾಕಿದ ಬಟ್ಟೆಗಳಿಂದ ದೂರವಿಟ್ಟು, ಒಂದು ಬಕೆಟ್ ಮರಳನ್ನು ಹತ್ತಿರ ಇಟ್ಟುಕೊಳ್ಳಿ. ಮೋಡ ಕವಿದರೆ ಮುಚ್ಚಳ ಹಾಕಿ ಗಾಳಿಕಿಂಡಿ ಮುಚ್ಚಿದರೆ ಕೆಂಡ ತಾನಾಗಿ ಆರುತ್ತದೆ. ಕಾದ ಗ್ರಿಲ್ಲಿಗೆ ನೀರು ಸುರಿದರೆ ಬಿಸಿ ಹಬೆ, ಬೂದಿ ಮುಖಕ್ಕೆ ಎರಚುತ್ತದೆ. ಬೂದಿಯೊಳಗೆ ಕೆಂಡ ಮಾರನೆಯ ದಿನವೂ ಜೀವ ಹಿಡಿದಿರಬಹುದಾದ್ದರಿಂದ, ಪೂರಾ ತಣ್ಣಗಾಗುವ ತನಕ ಕಸದ ಬುಟ್ಟಿಗೆ ಹಾಕಬಾರದು.

ಕುವೆಂಪುನಗರದ ಮಹಡಿಮನೆ (ಮುಂದಿನ ಭಾನುವಾರ ರಾತ್ರಿ)

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಅಮ್ಮ ಆರೋಗ್ಯವಾಗಿದ್ದಾರೆ.

ನಾಲ್ಕೂವರೆಗೆ ಅಕ್ಕಿ, ತರಕಾರಿ ತೊಳೆದ ನೀರನ್ನು ಮಹಡಿಯ ಮೇಲೆ ಚಿಮುಕಿಸಿದೆವು, ತಾರಸಿಯ ಕಾವು ಇಳಿಯಿತು. ಐದೂಮುಕ್ಕಾಲಿಗೆ ನಾರು, ಕರಟ ಹಾಕಿ ಎರಡು ಕಿಲೋ ಇದ್ದಿಲು ಹಚ್ಚಿ, ಬೂದಿ ಕಟ್ಟುವವರೆಗೂ ಯಾರೂ ಹತ್ತಿರ ಹೋಗಬಾರದೆಂದು ಮಕ್ಕಳಿಗೆ ಹೇಳಿ ನೀರು ಟ್ಯಾಂಕಿನ ನೆರಳಿನಲ್ಲಿ ಕುಳಿತೆವು. ಆ ಅರ್ಧ ಗಂಟೆ ಕಾಯುವುದೇ ನನಗೆ ಕಷ್ಟವಾದದ್ದು. ಆರೂಕಾಲಿಗೆ ಅಂಗೈ ಹಿಡಿದು ಎಣಿಸಿದಾಗ ಒಂದು ಕಡೆ ಮೂರು, ಇನ್ನೊಂದು ಕಡೆ ಏಳು ಬಂತು. ಮೆಣಸಿನಕಾಯಿ ಮೊದಲ ಕಡೆ, ಬದನೆ ಎರಡನೆಯ ಕಡೆ. ಸೂರ್ಯ ಮುಳುಗುವ ಹೊತ್ತಿಗೆ ಬದನೆಯ ತೊಟ್ಟಿನಿಂದ ಹಬೆ ಬರತೊಡಗಿತು. ಇಕ್ಕಳ ತಾಗಿಸಿದಾಗ ತೋಟದಮನೆಯವರು ಬರೆದಂತೆಯೇ ಕುಸಿಯಿತು. ಅಷ್ಟರಲ್ಲಿ ಜೋಳವೂ ಆಗಿತ್ತು, ನಮ್ಮ ತಂಗಿಯ ಮಗ ಮೂರು ತೆನೆ ತಿಂದ.

ಬದನೆಯ ಗೊಜ್ಜನ್ನು ಅಮ್ಮನೇ ಮಾಡುತ್ತೇನೆಂದು ಕುಳಿತರು. ಸುಲಿದ ತಿರುಳನ್ನು ಚಾಕು, ಮಿಕ್ಸಿ ಯಾವುದನ್ನೂ ಮುಟ್ಟಿಸದೆ ಕೈಯಿಂದಲೇ ಕಿವುಚಿದರು. ಎಳೆಎಳೆಯಾಗಿ ಬಿಡಿಸಿಕೊಂಡ ತಿರುಳಿನ ನಡುವೆ ಬೆಂದ ಬೆಳ್ಳುಳ್ಳಿ ಬೆಣ್ಣೆಯಂತೆ ಕರಗಿತ್ತು. ಅದೇ ಕೆಂಡದಲ್ಲಿ ಸುಟ್ಟ ಎರಡು ಹಸಿಮೆಣಸಿನಕಾಯಿಯನ್ನು ಉಪ್ಪಿನ ಕಲ್ಲಿನೊಡನೆ ನುರಿದು ಸೇರಿಸಿ, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ, ಹುರಿದ ಹುಚ್ಚೆಳ್ಳಿನ ಪುಡಿ ಎರಡು ಚಮಚ, ಸ್ವಲ್ಪ ಹುಣಸೆರಸ, ಕೊತ್ತಂಬರಿ ಹಾಕಿದರು. ಅರ್ಧವನ್ನು ಬೇರೆ ತೆಗೆದು, ಹುಣಸೆಯ ಬದಲು ಗಟ್ಟಿ ಮೊಸರು ಕಲಸಿ ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟರು. ರಾಗಿ ರೊಟ್ಟಿ ಕೆಳಗಿನಿಂದ ಬರುತ್ತಿತ್ತು. ಹದಿನಾಲ್ಕು ಬದನೆಕಾಯಿ ಸಾಲದೆ ಹೋದವು.

ಪನೀರನ್ನು ಫ್ರಿಜ್ಜಿನಿಂದ ತಂದು ಕಬ್ಬಿನ ಕಡ್ಡಿಗೆ ಚುಚ್ಚಿ ಕೊನೆಯಲ್ಲಿ ಸುಟ್ಟೆವು. ಒಂದು ತಪ್ಪು ಮಾತ್ರ ಮತ್ತೆ ಆಯಿತು. ಸೋರೆಕಾಯಿಯ ಬಿಲ್ಲೆಗಳು ತೆಳ್ಳಗಾಗಿ ಕಂಬಿಗೆ ಅಂಟಿಕೊಂಡು ಹರಿದವು. ಊಟವಾದ ಮೇಲೂ ಕೆಂಡದಲ್ಲಿ ಇನ್ನೂ ಸಾಕಷ್ಟು ಕಾವಿತ್ತು. ಅದನ್ನು ಹಾಗೆಯೇ ಆರಲು ಬಿಡಲು ಮನಸ್ಸಾಗಲಿಲ್ಲ. ಏನಾದರೂ ಮಾಡಬಹುದಿತ್ತೇ?

ಶ್ರೀರಂಗಪಟ್ಟಣದ ಅಡುಗೆ ಕಂಟ್ರಾಕ್ಟರು

ಸೋರೆಯ ಬಿಲ್ಲೆ ಕಿರುಬೆರಳಿನ ದಪ್ಪವಿರಲಿ. ಕಂಬಿ ಕಾದ ಮೇಲೆ ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ ಕಂಬಿಗಳಿಗೆ ಉಜ್ಜಿ, ಆಮೇಲೆ ಬಿಲ್ಲೆಯಿಡಿ. ಇಟ್ಟ ಮೇಲೆ ಎರಡು ಮೂರು ನಿಮಿಷ ಅಲುಗಾಡಿಸಬಾರದು. ಬಣ್ಣ ಬಂದ ಬಿಲ್ಲೆ ಕಂಬಿಯನ್ನು ತಾನೇ ಬಿಡುತ್ತದೆ, ಎಳೆದರೆ ಬಾರದಿದ್ದರೆ ಇನ್ನೂ ಆಗಿಲ್ಲವೆಂದು ಅರ್ಥ.

ಪಾಂಡವಪುರದ ತೋಟದಮನೆ

ಅಣ್ಣ, ಉಳಿದ ಕೆಂಡಕ್ಕೆ ಹುಳಿಯಾದ ನಾಟಿ ಮಾವಿನಕಾಯಿ ಹಾಕಿ. ನಾಲ್ಕು ಕಾಯಿಯನ್ನು ಬೂದಿಯೊಳಗೆ ಅರೆಬರೆ ಹೂತಿಟ್ಟು, ನಡುವೆ ಒಮ್ಮೆ ಹೊರಳಿಸಿ, ಒತ್ತಿದರೆ ಬೆರಳು ಇಳಿಯುವಷ್ಟು ಮೆತ್ತಗಾಗುವ ತನಕ ಬಿಡಿ. ಆರುವ ಕೆಂಡವಾದ್ದರಿಂದ ಅರ್ಧ ಗಂಟೆ ಹಿಡಿದರೂ ಹಿಡಿಯಬಹುದು. ತಣಿದ ಮೇಲೆ ಬೂದಿ ಒರೆಸಿ, ಸಿಪ್ಪೆ, ಓಟೆ ತೆಗೆದು ತಿರುಳನ್ನು ಕಿವುಚಿ, ಅದರ ಒಂದೂವರೆಯಷ್ಟು ಪುಡಿಬೆಲ್ಲ, ಚಿಟಿಕೆ ಉಪ್ಪು, ಕುಟ್ಟಿದ ಏಲಕ್ಕಿ, ಕಾಳುಮೆಣಸು ಸೇರಿಸಿ ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಡಿ. ಮೂರು ದಿನ ಕೆಡುವುದಿಲ್ಲ. ಬೇಕಾದಾಗ ಎರಡು ಚಮಚವನ್ನು ಒಂದು ಲೋಟ ಮಡಕೆಯ ನೀರಿಗೆ ಕದಡಿ, ಬಿಸಿಲಿನಿಂದ ಬಂದವರಿಗೆ ಮೊದಲು ಅದನ್ನು ಕೊಡಿ. ತಾಯಿಯವರಿಗೂ ಕೊಡಿ, ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲವಿಲ್ಲದೆ ಉಪ್ಪು, ಜೀರಿಗೆ ಹಾಕಿ ಬೇರೆ ಕಲಸಿಡಿ.